ರಚನೆಯೂ ಕಾರ್ಯವೂ: ಕ್ಯಾಲ್ಸಿಯಂ ‘ಪಂಪು’ ಎಂಬ ರೂಪಕದ ವಿಮರ್ಶೆ

ಕಣ್ಣಿಗೆ ಕಾಣದ ವಸ್ತುವಿಗೆ ಹೆಸರಿಡಬೇಕಾದಾಗ ಶಾಸ್ತ್ರಕಾರನೂ ಕವಿಯಂತೆ ಸಾದೃಶ್ಯವನ್ನೇ ಆಶ್ರಯಿಸುವನು. ಕಂಡುದನ್ನು ಮುಂದಿಟ್ಟುಕೊಂಡು ಕಾಣದುದನ್ನು ತಿಳಿಸುವುದು ಉಪಮೆಯ ಮೊದಲ ಕೆಲಸವಷ್ಟೆ. ಆದರೆ ಇವರಿಬ್ಬರಿಗೂ ಒಂದು ಭೇದವುಂಟು. ಕವಿಯ ಉಪಮಾನವು ಸಹೃದಯನ ಚಿತ್ತಕ್ಕೆ ಒಪ್ಪಿದರೆ ಸಾಕು. ಶಾಸ್ತ್ರಕಾರನ ಉಪಮಾನವು ವಸ್ತುವಿನ ಅವಯವಗಳಿಗೂ ಒಪ್ಪಬೇಕು. ಮುಖವನ್ನು ಚಂದ್ರನೆಂದ ಕವಿಯನ್ನು ‘ಕಲಂಕವೆಲ್ಲಿ?’ ಎಂದು ಯಾರೂ ಕೇಳುವುದಿಲ್ಲ. ಶಾಸ್ತ್ರಕಾರನನ್ನಾದರೋ ಕೇಳಲೇಬೇಕಾಗುವುದು.

ಇಲ್ಲಿ ಪರೀಕ್ಷೆಗೆ ತೆಗೆದುಕೊಂಡಿರುವ ರೂಪಕವು ‘ಕ್ಯಾಲ್ಸಿಯಂ ಪಂಪು’ ಎಂಬುದು. ಜೀವರಸಾಯನ ಶಾಸ್ತ್ರದಲ್ಲಿ ಇದು ಅರುವತ್ತು ವರ್ಷಗಳಿಗೂ ಮೀರಿ ರೂಢವಾಗಿರುವ ಹೆಸರು. ಕನ್ನಡದಲ್ಲಿ ಈ ವಿಷಯವನ್ನು ಬರೆಯುವವನಿಗೂ ಪಾಠ ಹೇಳುವವನಿಗೂ ಮೊದಲು ಕೈಗೆ ಸಿಕ್ಕುವ ಮಾತು ಇದೇ. ಇದರಿಂದ ಸಾಹಿತ್ಯದ ಉಪಾಧ್ಯಾಯರಿಗೆ ಆಗಬೇಕಾದುದೇನು ಎಂದು ಯಾರಾದರೂ ಶಂಕಿಸಬಹುದು. ವಸ್ತುವು ರಸಾಯನಜ್ಞರದಾದರೂ ರೂಪಕವು ರೂಪಕವೇ. ಅದರ ಗುಣದೋಷಗಳ ವಿಚಾರವು ಅಲಂಕಾರ ಶಾಸ್ತ್ರಕ್ಕೆ ಸೇರಿದುದು. ಈ ಲೇಖನದ ಪ್ರತಿಜ್ಞೆಯು ಇಷ್ಟು: ‘ಪಂಪು’ ಎಂಬ ಹೆಸರು ಫಲವನ್ನು ಸರಿಯಾಗಿ ಹೇಳುವುದು, ರಚನೆಯನ್ನು ಮರೆಮಾಡುವುದು, ಆ ರಚನೆಯೇ ಕಾರ್ಯಕ್ಕೆ ಕಾರಣವಾಗಿರುವುದರಿಂದ, ವ್ಯಾಖ್ಯಾನದಲ್ಲಿ ಈ ರೂಪಕವೊಂದನ್ನೇ ನಂಬಿದರೆ ಕಾರ್ಯವೂ ಅನ್ಯಥಾ ತಿಳಿಯುವುದು. ಇದಕ್ಕಿಂತ ಸಮೀಪವಾದ ಉಪಮಾನಗಳು ನಮ್ಮ ಶಾಸ್ತ್ರದಲ್ಲಿಯೂ ನಮ್ಮ ಹೊಲಗಳಲ್ಲಿಯೂ ಇರುತ್ತವೆ.

೧. ವಸ್ತುನಿರ್ದೇಶ

ಮೊದಲು ಉಪಮೇಯವೇನೆಂಬುದನ್ನು ಹೇಳಬೇಕು. ಜೀವಕೋಶದ ಒಳರಸದಲ್ಲಿ ಸ್ವತಂತ್ರವಾಗಿ ಸಂಚರಿಸುವ ಕ್ಯಾಲ್ಸಿಯಂ ಅಯಾನುಗಳು ಅತ್ಯಲ್ಪ. ಕೋಶದ ಹೊರಗಿನ ದ್ರವದಲ್ಲಿ ಅವು ಸುಮಾರು ಹತ್ತು ಸಾವಿರ ಪಾಲು ಹೆಚ್ಚು. ಈ ತಾರತಮ್ಯವೇ ಕೋಶಕ್ಕೆ ಒಂದು ಭಾಷೆಯಾಗಿ ಒದಗಿದೆ. ಒಳಗೆ ಕ್ಯಾಲ್ಸಿಯಂ ಸ್ವಲ್ಪ ನುಗ್ಗಿದರೂ ಅದೊಂದು ಆಜ್ಞೆಯಾಗುವುದು. ಕ್ಯಾಲ್ಸಿಯಂ ಇಲ್ಲದ ದ್ರವದಲ್ಲಿ ಕಪ್ಪೆಯ ಹೃದಯವು ಬಡಿಯಲಾರದೆಂಬುದನ್ನು ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯನು ೧೮೮೩ರಲ್ಲಿಯೇ ತೋರಿಸಿದ್ದನು.

ಸ್ನಾಯುವಿನಲ್ಲಿ ಈ ಅಯಾನುಗಳನ್ನು ಕೂಡಿಡುವ ಚೀಲಗಳ ಜಾಲವೊಂದಿದೆ. ಅದರ ಹೆಸರು ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಮ್. ನರದ ಆಜ್ಞೆ ಬಂದೊಡನೆ ಚೀಲದ ನಾಳಗಳು ತೆರೆದು ಕ್ಯಾಲ್ಸಿಯಂ ಹೊರಕ್ಕೆ ಹರಿಯುವುದು, ಸ್ನಾಯುವು ಸಂಕೋಚಿಸುವುದು. ಮರಳಿ ಸಡಿಲಬೇಕಾದರೆ ಹರಿದುದೆಲ್ಲವನ್ನೂ ಮತ್ತೆ ಚೀಲದೊಳಗೆ ಸೇರಿಸಬೇಕು. ಹರಿದುಹೋಗುವುದು ಇಳಿಜಾರಿನ ಕೆಲಸ, ಅದಕ್ಕೆ ಶ್ರಮವಿಲ್ಲ. ಮರಳಿ ಕೂಡಿಡುವುದು ಏರಿನ ಕೆಲಸ, ಅದಕ್ಕೆ ಶಕ್ತಿವ್ಯಯ ಅವಶ್ಯಕ. ಮುಷ್ಟಿಯನ್ನು ಬಿಗಿಯುವುದಕ್ಕೆ ಮಾತ್ರವಲ್ಲ, ಬಿಚ್ಚುವುದಕ್ಕೂ ದೇಹವು ವೆಚ್ಚ ಮಾಡುವುದೆಂಬುದು ಲೋಕಾನುಭವಕ್ಕೆ ವಿರುದ್ಧವಾಗಿ ತೋರುವ ಸತ್ಯ. ಆ ಏರಿನ ಕೆಲಸವನ್ನು ಮಾಡುವುದು ಚೀಲದ ಪೊರೆಯಲ್ಲಿ ಒತ್ತೊತ್ತಾಗಿ ನೆಟ್ಟಿರುವ ಒಂದು ಪ್ರೋಟೀನು. ಅದೇ ನಮ್ಮ ಉಪಮೇಯ.

೨. ಮೂರು ಹೆಸರುಗಳು

ಈ ವಸ್ತುವಿಗೆ ಕಾಲಕ್ರಮದಲ್ಲಿ ಮೂರು ಹೆಸರುಗಳು ಬಂದವು. ಹತ್ತೊಂಬತ್ತುನೂರ ಐವತ್ತರ ದಶಕದ ಮೊದಲಲ್ಲಿ ಮಾರ್ಷ್ ಎಂಬ ಸಂಶೋಧಕನು ಸ್ನಾಯುವಿನ ಸಾರದಲ್ಲಿ, ಸಂಕೋಚಿಸಿದ ತಂತುವನ್ನು ಸಡಿಲಿಸುವ ಒಂದು ಅಂಶವಿದೆಯೆಂದು ಕಂಡನು. ಅದು ‘ಸಡಿಲಿಸುವ ಅಂಶ’ವೆಂದು ಪ್ರಸಿದ್ಧವಾಯಿತು. ಜಪಾನಿನ ಎಬಾಶಿ ಮತ್ತು ಸಂಗಡಿಗರು ಅದು ದ್ರವದಲ್ಲಿ ಕರಗಿರುವ ವಸ್ತುವಲ್ಲ, ಸೂಕ್ಷ್ಮ ಕಣಗಳಲ್ಲಿ ನೆಲೆಸಿರುವುದೆಂದು ತೋರಿಸಿದರು. ೧೯೬೧ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಹಾಸೆಲ್‌ಬಾಖ್ ಮತ್ತು ಮಾಕಿನೋಸೆ ಎಂಬವರೂ, ೧೯೬೨ರಲ್ಲಿ ಎಬಾಶಿ ಮತ್ತು ಲಿಪ್‌ಮನ್ ಎಂಬವರೂ, ಆ ಕಣಗಳು ಅಡಿನೊಸೀನ್ ಟ್ರೈಫಾಸ್ಫೇಟ್ ಅಥವಾ ಎ.ಟಿ.ಪಿ. ಎಂಬ ವಸ್ತುವಿನ ಬಲದಿಂದ ಕ್ಯಾಲ್ಸಿಯಮನ್ನು ತಮ್ಮೊಳಗೆ ಶೇಖರಿಸುವುವೆಂದು ಪ್ರಕಟಿಸಿದರು. ಅಲ್ಲಿಂದ ಮುಂದೆ ‘ಪಂಪು’ ಎಂಬ ಹೆಸರು ನೆಲೆಗೊಂಡಿತು. ಮೂರನೆಯದು ಎ.ಟಿ.ಪಿ.ಯನ್ನು ಸೀಳುವ ಕಿಣ್ವವೆಂಬರ್ಥದ ‘ಎ.ಟಿ.ಪಿ.ಏಸ್’ ಎಂಬ ರಾಸಾಯನಿಕ ನಾಮ.

೧೯೬೧ರ ಜರ್ಮನ್ ಲೇಖನದ ಶೀರ್ಷಿಕೆಯು ವೈಯಾಕರಣರಿಗೆ ಸಂತೋಷವನ್ನುಂಟುಮಾಡತಕ್ಕದ್ದು. ಅದರಲ್ಲಿ ಕ್ಯಾಲ್ಸಿಯಂ ಪಂಪು, ಸ್ನಾಯುವನ್ನು ಸಡಿಲಿಸುವ ಕಣಗಳು, ಎ.ಟಿ.ಪಿ.ಯ ಸೀಳಿಕೆ ಎಂಬ ಮೂರು ಭಾವಗಳೂ ಒಂದೇ ವಾಕ್ಯಖಂಡದಲ್ಲಿ ಕೂಡಿವೆ. ಇವುಗಳನ್ನು ಕಾರಕ ದೃಷ್ಟಿಯಿಂದ ನೋಡಿದರೆ, ‘ಪಂಪು’ ಎಂಬುದು ಕರ್ತೃವನ್ನು ಹೇಳುವುದು, ‘ಸಡಿಲಿಸುವ’ ಎಂಬುದು ಫಲವನ್ನು, ‘ಎ.ಟಿ.ಪಿ.ಯ ಸೀಳಿಕೆ’ ಎಂಬುದು ಕರಣವ್ಯಾಪಾರವನ್ನು. ಕರ್ತೃ, ಕರಣ, ಫಲ ಮೂರೂ ಇದ್ದ ಆ ಶೀರ್ಷಿಕೆಯು ಮುಂದೆ ಒಡೆದು ಬೇರೆ ಬೇರೆ ಹೆಸರುಗಳಾಗಿ ಪ್ರಚಾರಕ್ಕೆ ಬಂದವು. ಒಡೆದಾಗ ಪ್ರತಿಯೊಂದಕ್ಕೂ ನ್ಯೂನತೆ ತಟ್ಟಿತು.

ಮೂರನೆಯ ಹೆಸರಿನ ನ್ಯೂನತೆಯನ್ನು ಮೊದಲು ನೋಡೋಣ. ‘ಏಸ್’ ಎಂಬ ಪ್ರತ್ಯಯವು ಯಾವುದರ ಮುಂದೆ ಬರುವುದೋ ಅದು ಸೀಳಿಕೆಯ ಕರ್ಮವೆಂದು ಸಾಮಾನ್ಯ ನಿಯಮ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಸೀಳುವುದು ಲ್ಯಾಕ್ಟೇಸು. ಅಲ್ಲಿ ಸೀಳುವುದೇ ಪ್ರಧಾನ ಕ್ರಿಯೆಯಾದುದರಿಂದ ಹೆಸರು ನಿರ್ದುಷ್ಟ. ನಮ್ಮ ಪ್ರೋಟೀನಿನ ಪ್ರಧಾನ ಕ್ರಿಯೆಯಾದರೋ ಸಾಗಣೆ. ಅದಕ್ಕೆ ಕ್ಯಾಲ್ಸಿಯಂ ಕರ್ಮ, ಎ.ಟಿ.ಪಿ. ಕರಣ. ಕರಣವನ್ನು ಕರ್ಮವೆಂಬಂತೆ ಕರೆಯುವುದು, ಅಡುಗೆಯವನನ್ನು ‘ಸೌದೆ ಸುಡುವವನು’ ಎಂದು ಕರೆದಂತಾಗುವುದು. ಅದು ಸುಳ್ಳಲ್ಲ, ಆದರೆ ಊಟವೆಲ್ಲಿ?

ಯಾಸ್ಕನ ನಿರುಕ್ತದಲ್ಲಿ ನಾಮಗಳೆಲ್ಲವೂ ಕ್ರಿಯೆಯಿಂದ ಹುಟ್ಟಿದುವೆಂದು ಶಾಕಟಾಯನನ ಪಕ್ಷವೂ, ಎಲ್ಲವೂ ಹಾಗಲ್ಲವೆಂದು ಗಾರ್ಗ್ಯನ ಪಕ್ಷವೂ ಬಂದಿರುವುದನ್ನು ವಾಚಕರು ಬಲ್ಲರು. ಕ್ರಿಯೆಯೇ ನಾಮಕ್ಕೆ ಕಾರಣವಾದರೆ ಆ ಕ್ರಿಯೆಯನ್ನು ಮಾಡುವ ಸಕಲರಿಗೂ ಅದೇ ನಾಮ ಬರಬೇಕಾದೀತೆಂಬುದು ಗಾರ್ಗ್ಯನ ಆಕ್ಷೇಪ. ಇಲ್ಲಿ ಆ ಆಕ್ಷೇಪವು ಪ್ರತ್ಯಕ್ಷವಾಗಿದೆ. ದ್ರವವನ್ನು ತಳ್ಳುವ ಹೃದಯವೂ ಪಂಪು, ಸೈಕಲ್ಲಿನ ಗಾಳಿಯ ಕೊಳವೆಯೂ ಪಂಪು, ಈ ಪ್ರೋಟೀನೂ ಪಂಪು. ಇವು ಮೂರಕ್ಕೂ ರಚನೆಯಲ್ಲಿ ಸಾಮ್ಯವೇನು? ಇದನ್ನು ತಿಳಿಯಬೇಕಾದರೆ ಪ್ರೋಟೀನಿನ ರಚನೆಯನ್ನೇ ನೋಡಬೇಕು.

೩. ರಚನೆಯ ವರ್ಣನೆ

೧೯೭೦ರಲ್ಲಿ ಕೆನಡಾದ ಮೆಕ್ಲೆನನ್ ಈ ಪ್ರೋಟೀನನ್ನು ಶುದ್ಧಗೊಳಿಸಿದನು. ೧೯೮೫ರಲ್ಲಿ ಆತನೂ ಸಂಗಡಿಗರೂ ಅದರ ಅಮೈನೊ ಆಮ್ಲಗಳ ಕ್ರಮವನ್ನು ಪ್ರಕಟಿಸಿದರು. ಅಕ್ಷರಗಳ ಕ್ರಮ ತಿಳಿದರೂ ಪದ್ಯದ ಅನ್ವಯ ತಿಳಿಯದಂತೆ, ಕ್ರಮ ತಿಳಿದ ಮೇಲೂ ಆಕೃತಿ ತಿಳಿಯಲು ಹದಿನೈದು ವರ್ಷಗಳು ಬೇಕಾದವು. ೨೦೦೦ದಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ತೊಯೋಶಿಮಾ ಮತ್ತು ಸಂಗಡಿಗರು, ಮೊಲದ ಸ್ನಾಯುವಿನಿಂದ ತೆಗೆದ ಪ್ರೋಟೀನಿನ ಹರಳುಗಳನ್ನು ಕ್ಷಕಿರಣಗಳಿಂದ ಪರೀಕ್ಷಿಸಿ, ೨.೬ ಆಂಗ್‌ಸ್ಟ್ರಮ್‌ಗಳಷ್ಟು ಸೂಕ್ಷ್ಮತೆಯಲ್ಲಿ ಅದರ ಆಕೃತಿಯನ್ನು ಪ್ರಕಟಿಸಿದರು. ಅದು ಕ್ಯಾಲ್ಸಿಯಮನ್ನು ಹಿಡಿದುಕೊಂಡಿರುವ ಸ್ಥಿತಿ. ೨೦೦೨ರಲ್ಲಿ ತೊಯೋಶಿಮಾ ಮತ್ತು ನೊಮುರಾ ಕ್ಯಾಲ್ಸಿಯಂ ಇಲ್ಲದ ಸ್ಥಿತಿಯನ್ನು ಪ್ರಕಟಿಸಿದರು. ಮುಂದೆ ಡೆನ್ಮಾರ್ಕಿನ ಆರ್ಹುಸ್ ನಗರದ ವಿದ್ವಾಂಸರೂ ಸೇರಿ ನಡುವಣ ಸ್ಥಿತಿಗಳನ್ನು ಒಂದೊಂದಾಗಿ ತುಂಬಿದರು.

ಆ ಆಕೃತಿಯನ್ನು ಸಂಗ್ರಹವಾಗಿ ಹೇಳುವೆನು. ೯೯೪ ಅಮೈನೊ ಆಮ್ಲಗಳ ಒಂದೇ ಸರವು ಮಡಿಸಿ ಸುಮಾರು ೧೪೦ ಆಂಗ್‌ಸ್ಟ್ರಮ್ ಎತ್ತರದ ಗೊಂಬೆಯಾಗಿದೆ. ಆ ಸರವು ಪೊರೆಯನ್ನು ಹತ್ತು ಸಲ ಹಾದುಹೋಗುವುದು. ಹಾಯುವ ಭಾಗಗಳು ಹತ್ತು ಸುರುಳಿಗಳು. ಪೊರೆಯ ಮೇಲೆ, ಕೋಶರಸದ ಕಡೆಗೆ, ಮೂರು ಅಂಗಗಳು ತಲೆಯೆತ್ತಿಕೊಂಡಿವೆ. ಎ.ಟಿ.ಪಿ. ಬಂದು ಕೂರುವುದು ಒಂದರಲ್ಲಿ, ಅದನ್ನು ಬಂಧಕಾಂಗವೆನ್ನೋಣ. ಎ.ಟಿ.ಪಿ.ಯಿಂದ ಸೀಳಿದ ಫಾಸ್ಫೇಟನ್ನು ಪಡೆಯುವುದು ಎರಡನೆಯದು, ಅದು ಗ್ರಾಹಕಾಂಗ. ಅಲ್ಲಿ ೩೫೧ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲವು ಫಾಸ್ಫೇಟಿಗೆ ಕೈಯೊಡ್ಡುವುದು. ಮೂರನೆಯದು ಚಾಲಕಾಂಗ. ಈ ಮೂರನೆಯದರ ಹೆಸರಿನಲ್ಲಿಯೇ ಒಂದು ಪಾಠವಿದೆ. ೧೯೮೫ರಲ್ಲಿ ಆಕೃತಿಯನ್ನು ಊಹಿಸಿದಾಗ ಇದನ್ನು ‘ಬೀಟಾ ಎಳೆಗಳ ಭಾಗ’ವೆಂದು, ಕೇವಲ ನೇಯ್ಗೆಯನ್ನು ನೋಡಿ, ಕರೆದಿದ್ದರು. ಆಕೃತಿಯು ಕಂಡ ಮೇಲೆ ಅದರ ಕೆಲಸವೂ ಕಂಡು ಚಾಲಕವೆಂಬ ನಾಮ ಬಂತು. ರೂಪನಾಮವು ಕ್ರಿಯಾನಾಮವಾದುದು ರಚನೆಯ ದರ್ಶನದಿಂದಲೇ.

ಕ್ಯಾಲ್ಸಿಯಂ ಕೂರುವ ಆಸನಗಳು ಎರಡು. ಅವು ಪೊರೆಯ ನಡುವೆ, ಸುರುಳಿಗಳ ಮಧ್ಯದಲ್ಲಿ, ಒಂದರ ಪಕ್ಕದಲ್ಲೊಂದು, ೫.೭ ಆಂಗ್‌ಸ್ಟ್ರಮ್ ಅಂತರದಲ್ಲಿವೆ. ಪ್ರತಿಯೊಂದು ಅಯಾನನ್ನೂ ಏಳು ಆಮ್ಲಜನಕ ಪರಮಾಣುಗಳು ಸುತ್ತುವರಿದು ಹಿಡಿದಿರುತ್ತವೆ. ಈ ಆಸನಗಳು ಉಂಟಾಗಿರುವ ಬಗೆಯು ಗಮನಾರ್ಹ: ನಾಲ್ಕನೆಯ ಮತ್ತು ಆರನೆಯ ಸುರುಳಿಗಳು ಅಲ್ಲಿ ನಡುವೆ ಬಿಚ್ಚಿಕೊಂಡಿವೆ. ಸುರುಳಿಯು ಅಖಂಡವಾಗಿದ್ದರೆ ಅದರ ಆಮ್ಲಜನಕಗಳು ಪರಸ್ಪರ ಬಂಧನದಲ್ಲಿಯೇ ತೊಡಗಿರುತ್ತಿದ್ದುವು. ಬಿಚ್ಚಿಕೊಂಡುದರಿಂದ ಕ್ಯಾಲ್ಸಿಯಮನ್ನು ಹಿಡಿಯಲು ಒದಗಿದುವು. ಲಕ್ಷಣಭಂಗದಂತೆ ತೋರುವುದೇ ಇಲ್ಲಿ ಲಕ್ಷ್ಯಸಿದ್ಧಿಗೆ ಕಾರಣವಾಗಿದೆ.

ಆಸನಗಳ ಸಂಖ್ಯೆಗೂ ಸಾಗಣೆಯ ಪ್ರಮಾಣಕ್ಕೂ ನೇರವಾದ ಸಂಬಂಧವಿದೆ. ಒಂದು ಎ.ಟಿ.ಪಿ. ವೆಚ್ಚಕ್ಕೆ ಈ ಪ್ರೋಟೀನು ಎರಡು ಅಯಾನುಗಳನ್ನು ಸಾಗಿಸುವುದು. ೧೯೬೬ರಲ್ಲಿ ಶಾಟ್ಸ್‌ಮನ್ ಎಂಬವನು ಕೆಂಪು ರಕ್ತಕಣಗಳಲ್ಲಿ ಕಂಡುಹಿಡಿದ, ಕೋಶದ ಹೊರಪೊರೆಯ ಸಜಾತೀಯ ಪ್ರೋಟೀನಾದರೋ ಒಂದನ್ನು ಮಾತ್ರ ಸಾಗಿಸುವುದು. ಅದರಲ್ಲಿ ಒಂದು ಆಸನಕ್ಕೆ ಬೇಕಾದ ಅಮೈನೊ ಆಮ್ಲಗಳು ಪೂರ್ಣವಾಗಿ ಇರುವುದಿಲ್ಲ. ರಚನೆಯಿಂದ ಕಾರ್ಯವನ್ನು ಎಣಿಸಬಹುದೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ಬೇಕಿಲ್ಲ.

೪. ಅಸಂಗತಿಯ ಪರಿಹಾರ

ಈಗ ಮುಖ್ಯವಾದ ಕಗ್ಗಂಟಿಗೆ ಬರುವೆನು. ಫಾಸ್ಫೇಟನ್ನು ಪಡೆಯುವ ಸ್ಥಾನಕ್ಕೂ ಕ್ಯಾಲ್ಸಿಯಂ ಆಸನಗಳಿಗೂ ಐವತ್ತು ಆಂಗ್‌ಸ್ಟ್ರಮ್‌ಗಳಿಗಿಂತ ಹೆಚ್ಚಿನ ದೂರ. ಎ.ಟಿ.ಪಿ. ಸೀಳುವುದು ಮೇಲೆ, ಕ್ಯಾಲ್ಸಿಯಂ ಕದಲುವುದು ಕೆಳಗೆ, ಪೊರೆಯ ಗರ್ಭದಲ್ಲಿ. ಕಾರಣವೊಂದು ಕಡೆ, ಕಾರ್ಯವೊಂದು ಕಡೆ. ಆಲಂಕಾರಿಕರು ಇದನ್ನೇ ಅಸಂಗತಿಯೆಂದು ಕರೆದರು. ಕಾವ್ಯದಲ್ಲಿ ಅಸಂಗತಿಯು ಚಮತ್ಕಾರವಾಗಿ ಉಳಿಯಬೇಕು. ಬಿಡಿಸಿದರೆ ಸ್ವಾರಸ್ಯ ಕೆಡುವುದು. ಶಾಸ್ತ್ರದಲ್ಲಾದರೋ ಅದು ಉಳಿದರೆ ಶಾಸ್ತ್ರವೇ ಅಪೂರ್ಣ. ೨೦೦೦ ಮತ್ತು ೨೦೦೨ರ ಎರಡು ಆಕೃತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಈ ಅಸಂಗತಿಯು ಪರಿಹಾರವಾಯಿತು.

ಅದು ಹೇಗೆಂದರೆ: ಮೊದಲ ಸ್ಥಿತಿಯಲ್ಲಿ ಆಸನಗಳು ಕೋಶರಸದ ಕಡೆಗೆ ತೆರೆದಿರುತ್ತವೆ, ಅವುಗಳ ಹಿಡಿತ ಬಿಗಿಯಾಗಿರುವುದು. ಅಯಾನುಗಳು ಒಂದರ ಹಿಂದೊಂದು ಬಂದು ಕೂರುವುವು. ಆಗ ಬಂಧಕಾಂಗವು ಎ.ಟಿ.ಪಿ.ಯೊಡನೆ ಬಾಗಿ ಗ್ರಾಹಕಾಂಗವನ್ನು ಮುಟ್ಟುವುದು. ಫಾಸ್ಫೇಟು ಅಲ್ಲಿಗೆ ವರ್ಗಾವಣೆಯಾಗುವುದು. ಕೋಶರಸದ ಕಡೆಯ ಬಾಗಿಲು ಮುಚ್ಚುವುದು. ಅಯಾನುಗಳು ಒಳಗೆ ಬಂದಿಗಳಾಗಿರುವುವು, ಆಚೆಯ ಬಾಗಿಲು ಇನ್ನೂ ತೆರೆದಿಲ್ಲ. ಅನಂತರ ಚಾಲಕಾಂಗವು ಸುಮಾರು ೯೦ ಡಿಗ್ರಿಗಳಷ್ಟು ತಿರುಗುವುದು. ಈ ಅಂಗವು ಮೊದಲ ಮೂರು ಸುರುಳಿಗಳಿಗೆ ಬೆಸೆದುಕೊಂಡಿರುವುದರಿಂದ, ಅದು ತಿರುಗಿದರೆ ಸುರುಳಿಗಳೂ ಕದಲುವುವು. ಅದರೊಡನೆ ನಾಲ್ಕರಿಂದ ಆರರವರೆಗಿನ ಸುರುಳಿಗಳೂ ವಾಲುವುವು. ಆಸನದ ಆಮ್ಲಜನಕಗಳು ಚದುರುವುವು. ಹಿಡಿತವು ಸುಮಾರು ಸಾವಿರ ಪಾಲು ಸಡಿಲವಾಗುವುದು, ಚೀಲದ ಕಡೆಯ ಬಾಗಿಲು ತೆರೆಯುವುದು, ಕ್ಯಾಲ್ಸಿಯಂ ಹೊರಬೀಳುವುದು. ಕೊನೆಯ ನಾಲ್ಕು ಸುರುಳಿಗಳು ಮಾತ್ರ ಹೆಚ್ಚು ಕದಲದೆ ಕಂಬಗಳಂತೆ ನಿಲ್ಲುವುವು. ಹೀಗೆ ಮೇಲಿನ ಕಾರಣವನ್ನೂ ಕೆಳಗಿನ ಕಾರ್ಯವನ್ನೂ ಅಂಗಗಳ ವಾಲಾಟವೇ ಕೂಡಿಸುವುದು.

ಇಲ್ಲಿ ವಿಶೇಷವಾಗಿ ಗ್ರಹಿಸತಕ್ಕ ವಿಷಯವೊಂದುಂಟು. ಎ.ಟಿ.ಪಿ.ಯ ಶಕ್ತಿಯು ಕ್ಯಾಲ್ಸಿಯಮನ್ನು ತಳ್ಳುವುದಕ್ಕೆ ವಿನಿಯೋಗವಾಗಲಿಲ್ಲ. ಅದು ಪ್ರೋಟೀನಿನ ರೂಪವನ್ನು ಬದಲಿಸಿತು. ರೂಪ ಬದಲಾದುದರಿಂದ ಹಿಡಿತ ಸಡಿಲಿತು. ಹಿಡಿತ ಸಡಿಲಿದುದರಿಂದ ಅಯಾನು ತಾನಾಗಿ ಇಳಿಯಿತು. ನೀರೆತ್ತುವ ಪಂಪಿನಲ್ಲಿ ಒತ್ತಡವೇ ಪ್ರಧಾನ. ಇಲ್ಲಿ ಒತ್ತಡದ ಹೆಸರೇ ಇಲ್ಲ. ‘ಪಂಪು’ ರೂಪಕದ ಮೊದಲ ಮತ್ತು ದೊಡ್ಡ ದೋಷ ಇದೇ.

೫. ದೇಹಲೀದೀಪವೂ ಕಾಕಾಕ್ಷಿಗೋಲಕವೂ

ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಏಕಕಾಲದಲ್ಲಿ ಬೆಳಕನ್ನೀಯುವಂತೆ, ಒಂದು ಪದವು ಹಿಂದಕ್ಕೂ ಮುಂದಕ್ಕೂ ಅನ್ವಯಿಸಿದರೆ ದೇಹಲೀದೀಪ ನ್ಯಾಯವೆನ್ನುವರು. ಕಾಗೆಗೆ ಕಣ್ಣಿನ ಗುಡ್ಡೆ ಒಂದೇ, ಅದನ್ನು ಬೇಕಾದಾಗ ಎಡಗೂಡಿಗೂ ಬಲಗೂಡಿಗೂ ತಿರುಗಿಸಿಕೊಳ್ಳುವುದೆಂಬ ಲೋಕಪ್ರಸಿದ್ಧಿಯಿಂದ, ಒಂದೇ ಪದವು ಒಮ್ಮೆ ಇತ್ತ ಒಮ್ಮೆ ಅತ್ತ ಸಂಬಂಧಿಸಿದರೆ ಕಾಕಾಕ್ಷಿಗೋಲಕ ನ್ಯಾಯವೆನ್ನುವರು. ವ್ಯಾಖ್ಯಾನಗಳನ್ನು ಓದಿದವರಿಗೆ ಇವೆರಡೂ ಪರಿಚಿತ; ಇವುಗಳ ಭೇದವನ್ನು ವಿದ್ಯಾರ್ಥಿಗಳು ಮಾತ್ರ ಅನೇಕವೇಳೆ ಅಲಕ್ಷ್ಯ ಮಾಡುವರು. ಅಯಾನು ಸಾಗಿಸುವ ಪ್ರೋಟೀನುಗಳ ವಿಚಾರದಲ್ಲಿ ಆ ಭೇದವೇ ಸರ್ವಸ್ವ.

ಪೊರೆಯಲ್ಲಿ ‘ನಾಳ’ಗಳೆಂಬ ಬೇರೊಂದು ಜಾತಿಯ ಪ್ರೋಟೀನುಗಳಿವೆ. ನಾಳವು ತೆರೆದಾಗ ಒಳಗಿನಿಂದ ಹೊರಗಿನವರೆಗೆ ಅಖಂಡವಾದ ದಾರಿಯಾಗುವುದು. ಸೆಕೆಂಡಿಗೆ ಲಕ್ಷೋಪಲಕ್ಷ ಅಯಾನುಗಳು ಇಳಿಜಾರಿನಲ್ಲಿ ಹರಿಯುವುವು. ಇದು ದೇಹಲೀದೀಪ, ಎರಡು ಕಡೆಗೂ ಒಮ್ಮೆಗೇ ತೆರೆದುದು. ನಮ್ಮ ಪ್ರೋಟೀನಿನ ಆಸನವಾದರೋ ಕಾಕಾಕ್ಷಿಗೋಲಕ: ಒಮ್ಮೆ ಕೋಶರಸದ ಕಡೆಗೆ, ಒಮ್ಮೆ ಚೀಲದ ಕಡೆಗೆ, ಎಂದಿಗೂ ಎರಡು ಕಡೆಗೂ ಒಟ್ಟಿಗೆ ಅಲ್ಲ. ಒಂದು ಕ್ಷಣವಾದರೂ ಎರಡು ಬಾಗಿಲುಗಳೂ ತೆರೆದರೆ ಅದು ನಾಳವಾಗಿ ಪರಿಣಮಿಸಿ, ಕೂಡಿಟ್ಟುದೆಲ್ಲ ಹಿಂದಕ್ಕೆ ಹರಿದುಹೋಗುವುದು. ಇಂತಹ ಸರದಿಯ ತೆರವು ಇರಲೇಬೇಕೆಂದು, ಆಕೃತಿಯನ್ನು ಕಾಣುವುದಕ್ಕೆ ಎಷ್ಟೋ ಮೊದಲು, ೧೯೬೬ರಲ್ಲಿ ಯಾರ್ಡೆಟ್ಸ್ಕಿ ಎಂಬ ವಿದ್ವಾಂಸನು ಕೇವಲ ಯುಕ್ತಿಯಿಂದ ಪ್ರತಿಪಾದಿಸಿದನು. ಅನುಮಾನವು ಮೊದಲು, ಪ್ರತ್ಯಕ್ಷವು ಅನಂತರ.

ನ್ಯಾಯವಾಗಿ ಹೇಳಬೇಕಾದರೆ, ಕೈಪಂಪಿನಲ್ಲಿಯೂ ಎರಡು ಕವಾಟಗಳು ಸರದಿಯಂತೆ ತೆರೆದು ಮುಚ್ಚುವುವು. ಆ ಅಂಶದಲ್ಲಿ ‘ಪಂಪು’ ಎಂಬ ರೂಪಕಕ್ಕೆ ಆಧಾರವುಂಟು. ಆದರೆ ‘ಪಂಪು’ ಎಂದೊಡನೆ ಕೇಳುವವನ ಮನಸ್ಸಿಗೆ ಮೊದಲು ಬರುವುದು ಒಳಗಡಗಿದ ಕವಾಟಗಳಲ್ಲ, ಕೊಳವೆಯಲ್ಲಿ ಎಡೆಬಿಡದೆ ಹರಿಯುವ ನೀರು. ವಾಚ್ಯದಲ್ಲಿ ಇಲ್ಲದ ದೋಷವು ವ್ಯಂಗ್ಯದಲ್ಲಿ ಸೇರಿಕೊಳ್ಳುವುದು.

ಕಾಕಾಕ್ಷಿಯೂ ಸಂಪೂರ್ಣವಾದ ಉಪಮಾನವಲ್ಲ. ಕಾಗೆಯಲ್ಲಿ ಗುಡ್ಡೆಯು ಚಲಿಸುವುದು, ಗೂಡುಗಳು ನಿಲ್ಲುವುವು. ಇಲ್ಲಿ ಆಸನವು ಹೆಚ್ಚುಕಡಿಮೆ ಇದ್ದಲ್ಲಿಯೇ ಇದ್ದು ಸುತ್ತಣ ಬಾಗಿಲುಗಳು ಬದಲಾಗುವುವು. ಅದಕ್ಕಿಂತಲೂ ಮುಖ್ಯವಾಗಿ, ಕಾಗೆಯು ಎರಡು ಗೂಡುಗಳಿಂದಲೂ ಸಮನಾಗಿ ನೋಡುವುದು. ಈ ಆಸನವು ಒಂದು ಕಡೆ ಬಿಗಿಹಿಡಿದು ಇನ್ನೊಂದು ಕಡೆ ಬಿಟ್ಟುಬಿಡುವುದು. ಸರದಿಯನ್ನು ಈ ನ್ಯಾಯವು ತಿಳಿಸೀತು, ದಿಕ್ಕನ್ನು ತಿಳಿಸಲಾರದು. ದಿಕ್ಕಿಗೆ ಇನ್ನೊಂದು ಉಪಮಾನ ಬೇಕು.

೬. ಏತ

ಆ ಉಪಮಾನವು ಏತ. ಪಂಪುಸೆಟ್ಟುಗಳು ಬರುವುದಕ್ಕೆ ಮುಂಚೆ ನಮ್ಮ ತೋಟಗಳಿಗೆ ನೀರುಣಿಸುತ್ತಿದ್ದ ಸಾಧನವಿದು. ಕಂಬದ ಮೇಲೆ ಅಡ್ಡಲಾದ ತೊಲೆ, ತೊಲೆಯ ತುದಿಯಿಂದ ಇಳಿಬಿಟ್ಟ ಗಳು, ಗಳುವಿಗೆ ಕಟ್ಟಿದ ಪಾತ್ರೆ. ತೊಲೆಯ ಮೇಲೆ ಆಳು ಹಿಂದಕ್ಕೂ ಮುಂದಕ್ಕೂ ನಡೆದಂತೆ ಅದು ವಾಲುವುದು, ಪಾತ್ರೆ ಮುಳುಗುವುದು, ತುಂಬುವುದು, ಏರುವುದು. ಮೇಲೆ ಬಂದಾಗ ಬಗ್ಗಿ ಸುರಿಯುವುದು. ಇಲ್ಲಿ ಒತ್ತಡವಿಲ್ಲ, ಹಿಡಿಯುವುದು ಮತ್ತು ಬಿಡುವುದು ಇದೆ. ಎಡೆಬಿಡದ ಹರಿವಿಲ್ಲ, ಒಂದೊಂದು ಸರದಿಗೆ ನಿಯತವಾದ ಒಂದು ತುಂಬು ಇದೆ. ಶ್ರಮವು ಒಂದು ಕಡೆ, ನೀರು ಇನ್ನೊಂದು ಕಡೆ. ನಡುವೆ ಅವೆರಡನ್ನೂ ಕೂಡಿಸುವ ವಾಲುವ ತೊಲೆಯಿದೆ. ಐವತ್ತು ಆಂಗ್‌ಸ್ಟ್ರಮ್‌ಗಳ ದೂರವನ್ನು ಅಂಗಗಳ ವಾಲಾಟದಿಂದ ದಾಟುವ ಪ್ರೋಟೀನಿಗೆ ಇದಕ್ಕಿಂತ ಹತ್ತಿರದ ಲೌಕಿಕ ಸಾದೃಶ್ಯವು ಕಾಣದು. ವೇಗದಲ್ಲಿಯೂ ಸಾಮ್ಯವುಂಟು: ನಾಳಕ್ಕೆ ಹೋಲಿಸಿದರೆ ಈ ಪ್ರೋಟೀನು ಮಂದಗಾಮಿ, ಸೆಕೆಂಡಿಗೆ ಕೆಲವು ಹತ್ತು ಸರದಿಗಳು ಮಾತ್ರ.

ಏತದ ಉಪಮಾನವು ಎಲ್ಲಿ ಸೋಲುವುದೆಂಬುದನ್ನೂ ಹೇಳಬೇಕು. ಸೋಲುವ ಸ್ಥಳದಲ್ಲಿಯೇ ವಸ್ತುವಿನ ವ್ಯತಿರೇಕವು ಕಾಣುವುದು. ಮೊದಲನೆಯದಾಗಿ, ಏತದ ಪಾತ್ರೆ ಬರಿದಾಗಿ ಹಿಂದಿರುಗುವುದು. ಪ್ರೋಟೀನಿನ ಆಸನವು ಹಾಗೆ ಹಿಂದಿರುಗಲಾರದು. ಆಸನದ ಆಮ್ಲಗಳು ಋಣವಿದ್ಯುತ್ತಿನಿಂದ ಕೂಡಿರುವುದರಿಂದ, ಪೊರೆಯ ಗರ್ಭದಲ್ಲಿ ಬರಿದಾಗಿ ನಿಂತರೆ ರಚನೆಯೇ ಅಸ್ಥಿರವಾಗುವುದು. ಆದುದರಿಂದ ಕ್ಯಾಲ್ಸಿಯಂ ಇಳಿದೊಡನೆ ಎರಡು ಮೂರು ಪ್ರೋಟಾನುಗಳು ಆ ಜಾಗವನ್ನು ಹಿಡಿದು, ಹಿಂದಿರುಗುವ ಸರದಿಯಲ್ಲಿ ಇತ್ತ ಬರುವುವು. ಎರಡನೆಯದಾಗಿ, ಬಾವಿಗೆ ನೀರನ್ನು ಹಿಂದಕ್ಕೆ ಸುರಿದರೆ ಆಳಿಗೆ ಕಳೆದ ಶಕ್ತಿ ಮರಳಿ ಬರುವುದಿಲ್ಲ. ಈ ಪ್ರೋಟೀನಿನಲ್ಲಾದರೋ, ತಕ್ಕ ಸನ್ನಿವೇಶದಲ್ಲಿ ಕ್ಯಾಲ್ಸಿಯಂ ಹಿಮ್ಮುಖವಾಗಿ ಹರಿದರೆ ಎ.ಟಿ.ಪಿ.ಯು ಮರಳಿ ನಿರ್ಮಾಣವಾಗುವುದೆಂದು ಮಾಕಿನೋಸೆ ಮತ್ತು ಹಾಸೆಲ್‌ಬಾಖ್ ೧೯೭೧ರಲ್ಲಿ ತೋರಿಸಿದರು.

ಶ್ರಮಕ್ಕೂ ನೀರಿಗೂ ಇರುವ ಬೆಸುಗೆಯು ಕಡಿಯಬಹುದೆಂಬುದನ್ನೂ ಏತವು ತಿಳಿಸುವುದು. ಪಾತ್ರೆಯಲ್ಲಿ ತೂತಿದ್ದರೆ ಆಳು ನಡೆದೇ ನಡೆಯುವನು, ಕಾಲುವೆಗೆ ನೀರು ಬಾರದು. ಸ್ನಾಯುವಿನಲ್ಲಿ ಸಾರ್ಕೊಲಿಪಿನ್ ಎಂಬ ಮೂವತ್ತೊಂದು ಅಮೈನೊ ಆಮ್ಲಗಳ ಕಿರಿಯ ಪ್ರೋಟೀನು ಹಿರಿಯದರ ಪಕ್ಕಕ್ಕೆ ಅಂಟಿಕೊಂಡಾಗ, ಎ.ಟಿ.ಪಿ. ಸೀಳಿದರೂ ಕ್ಯಾಲ್ಸಿಯಂ ತಕ್ಕಷ್ಟು ಸಾಗದೆ, ವೆಚ್ಚವು ಉಷ್ಣವಾಗಿ ಪರಿಣಮಿಸುವುದು. ಇಲಿಗಳು ಚಳಿಯಲ್ಲಿ ಮೈಯನ್ನು ಬೆಚ್ಚಗಿಟ್ಟುಕೊಳ್ಳಲು ಇದು ನೆರವಾಗುವುದೆಂದು ೨೦೧೨ರಲ್ಲಿ ಪ್ರಕಟವಾಯಿತು. ಕಾರಣಗಳಿದ್ದರೂ ಕಾರ್ಯ ಹುಟ್ಟದಿರುವುದನ್ನು ಆಲಂಕಾರಿಕರು ವಿಶೇಷೋಕ್ತಿಯೆನ್ನುವರು. ಕಾರಣಸ್ಥಾನವೂ ಕಾರ್ಯಸ್ಥಾನವೂ ದೂರದೂರದಲ್ಲಿರುವ ರಚನೆಯಲ್ಲಿ ಮಾತ್ರವೇ ಇಂತಹ ವಿಶೇಷೋಕ್ತಿ ಸಂಭವ. ‘ಪಂಪು’ ಎಂಬ ಮಾತಿನಿಂದ ಇದನ್ನು ಊಹಿಸುವುದು ಕಷ್ಟ.

೭. ಪೂರ್ವಪಕ್ಷವೂ ಸಮಾಧಾನವೂ

ಇಲ್ಲಿ ಹೀಗೆ ಆಕ್ಷೇಪಿಸಬಹುದು: ‘ಕುಶಲ’ ಎಂಬ ಪದಕ್ಕೆ ದರ್ಭೆಯನ್ನು ಕೊಯ್ಯುವವನೆಂಬುದು ಅವಯವಾರ್ಥ. ನಿಪುಣನೆಂಬ ಅರ್ಥದಲ್ಲಿ ಅದು ರೂಢವಾದ ಮೇಲೆ ದರ್ಭೆಯನ್ನು ಯಾರು ಹುಡುಕುವರು? ಹಾಗೆಯೇ ‘ಪಂಪು’ ರೂಢಿಯಿಂದ ಸಿದ್ಧವಾದ ಸಂಜ್ಞೆ. ಅದರ ಅವಯವಗಳನ್ನು ಕೆದಕುವುದು ವ್ಯರ್ಥವೆಂದು.

ಇದಕ್ಕೆ ಸಮಾಧಾನ: ಸಂಜ್ಞೆಯಾಗಿರುವವರೆಗೆ ನಮಗೆ ವಿವಾದವಿಲ್ಲ. ‘ಕುಶಲ’ ಎಂದಾಗ ಯಾರ ಮನಸ್ಸಿಗೂ ದರ್ಭೆ ಬಾರದು. ಅಲ್ಲಿ ರೂಪಕವು ಸತ್ತಿದೆ. ‘ಪಂಪು’ ಎಂಬುದು ಇನ್ನೂ ಸತ್ತಿಲ್ಲ. ಕೇಳಿದ ಬಾಲಕನ ಮನಸ್ಸಿಗೆ ತೋಟದ ಪಂಪು ಬಂದೇ ಬರುವುದು. ಉಪಾಧ್ಯಾಯನು ಆ ಚಿತ್ರವನ್ನು ಆಶ್ರಯಿಸಿಯೇ ಮುಂದಿನ ಪಾಠವನ್ನು ಕಟ್ಟುವನು. ಜೀವಂತವಾದ ರೂಪಕವು ವ್ಯಾಖ್ಯಾನದಲ್ಲಿ ಪ್ರವೇಶಿಸಿದರೆ ಅದು ಹೇತುವಿನ ಸ್ಥಾನವನ್ನು ಆಕ್ರಮಿಸುವುದು. ಎಚ್ಚರವಿರಬೇಕಾದುದು ಅಲ್ಲಿ.

ಈ ಎಚ್ಚರವು ಕೇವಲ ಪಾಂಡಿತ್ಯದ ವಿನೋದವಲ್ಲವೆಂಬುದಕ್ಕೆ ರೋಗಗಳೇ ಸಾಕ್ಷಿ. ೧೯೯೬ರಲ್ಲಿ ಬ್ರೋಡಿ ರೋಗದ ಮೂಲವು ಸ್ನಾಯುವಿನ ಈ ಪ್ರೋಟೀನಿನ ವಂಶವಾಹಿಯ ದೋಷವೆಂದು ತಿಳಿಯಿತು. ಆ ರೋಗಿಗಳ ಸ್ನಾಯು ಬಿಗಿಯುವುದು, ಶ್ರಮದ ಅನಂತರ ಬೇಗನೆ ಸಡಿಲದು. ೧೯೯೯ರಲ್ಲಿ ಡೇರಿಯರ್ ಎಂಬ ಚರ್ಮರೋಗದ ಮೂಲವು ಇದೇ ಕುಲದ ಇನ್ನೊಂದು ಪ್ರೋಟೀನಿನ ದೋಷವೆಂದು ಗೊತ್ತಾಯಿತು. ದೋಷವು ಬಾಗಿಲಿನಲ್ಲಿರಬಹುದು, ಹಿಡಿತದಲ್ಲಿರಬಹುದು, ವಾಲುವ ಅಂಗದಲ್ಲಿರಬಹುದು. ‘ಪಂಪು ಕೆಟ್ಟಿತು’ ಎನ್ನುವುದರಿಂದ ಯಾವುದೂ ತಿಳಿಯದು. ಮೆಡಿಟರೇನಿಯನ್ ತೀರದ ಥಾಪ್ಸಿಯಾ ಎಂಬ ಗಿಡದ ವಿಷವು ಸುರುಳಿಗಳ ಸಂದಿನಲ್ಲಿ ಬೆಣೆಯಂತೆ ಸೇರಿ ವಾಲಾಟವನ್ನೇ ನಿಲ್ಲಿಸುವುದು. ೨೦೦೨ರ ಆಕೃತಿಯು ಕಂಡುದು ಈ ಬೆಣೆಯ ಸಹಾಯದಿಂದಲೇ. ಹೃದಯದಲ್ಲಿ ಫಾಸ್ಫೊಲ್ಯಾಂಬನ್ ಎಂಬ ಸಣ್ಣ ಪ್ರೋಟೀನು ಇದಕ್ಕೆ ಕಡಿವಾಣವಾಗಿರುವುದು. ಅಡ್ರಿನಲಿನ್ ಸುರಿದಾಗ ಆ ಕಡಿವಾಣವು ಸಡಿಲಿ ಹೃದಯವು ಬೇಗ ಬೇಗ ವಿಶ್ರಮಿಸಿ ಬೇಗ ಬೇಗ ಬಡಿಯುವುದು. ಇವೆಲ್ಲವೂ ಅಂಗಗಳ ಕಥೆ, ಒತ್ತಡದ ಕಥೆಯಲ್ಲ.

ಉಪಸಂಹಾರ

ಇಷ್ಟು ವಿಮರ್ಶೆಯಿಂದ ಸಿದ್ಧವಾದುದೇನೆಂದರೆ: ‘ಪಂಪು’ ಎಂಬ ಸಂಜ್ಞೆಯನ್ನು ಬಿಡಬೇಕಾಗಿಲ್ಲ, ಅದು ಫಲವಾಚಕವಾಗಿ ಸಾಧುವಾದ ಶಬ್ದ, ಲೋಕಕ್ಕೆ ಸುಲಭವೂ ಹೌದು. ಸಂಸ್ಕೃತದಿಂದ ಕಠಿಣವಾದ ಹೊಸ ಸಮಾಸವನ್ನು ಕಟ್ಟಿ ಅದರ ಜಾಗದಲ್ಲಿ ಕೂರಿಸುವುದರಿಂದ ಪ್ರಯೋಜನವೂ ಇಲ್ಲ. ಆದರೆ ವ್ಯಾಖ್ಯಾನದಲ್ಲಿ ಸರದಿಯನ್ನು ತಿಳಿಸಲು ಕಾಕಾಕ್ಷಿಗೋಲಕವನ್ನೂ, ಹಿಡಿತ, ದಿಕ್ಕು ಮತ್ತು ಶ್ರಮದ ಬೆಸುಗೆಯನ್ನು ತಿಳಿಸಲು ಏತವನ್ನೂ ತರಬೇಕು. ತಂದ ಮೇಲೆ ಅವೂ ಎಲ್ಲಿ ನಿಲ್ಲುವುವೆಂಬುದನ್ನು ಹೇಳಿ ವಸ್ತುವನ್ನೇ ತೋರಿಸಬೇಕು. ಒಂದು ಉಪಮಾನದಿಂದ ತೃಪ್ತನಾಗದೆ ಎರಡು ಮೂರನ್ನು ಒಂದರ ಪಕ್ಕದಲ್ಲೊಂದನ್ನು ನಿಲ್ಲಿಸಿ, ಪ್ರತಿಯೊಂದರ ನ್ಯೂನತೆಯನ್ನು ಇನ್ನೊಂದರಿಂದ ತುಂಬುವುದು ನಮ್ಮ ಕವಿಗಳಿಗೆ ಮಾಲೋಪಮೆಯಲ್ಲಿ ಅಭ್ಯಾಸವಾಗಿರುವ ಮಾರ್ಗ. ಶಾಸ್ತ್ರದ ಗದ್ಯಕ್ಕೂ ಅದು ಹಿತವಾದೀತು.

ಕನ್ನಡದಲ್ಲಿ ವಿಜ್ಞಾನದ ಪರಿಭಾಷೆಯನ್ನು ಕುರಿತು ನಡೆಯುವ ಚರ್ಚೆಗಳಲ್ಲಿ ಪದವು ದೇಶ್ಯವೋ ಸಂಸ್ಕೃತವೋ ಇಂಗ್ಲಿಷೋ ಎಂಬ ವಿಚಾರಕ್ಕೇ ಕಾಲವು ಬಹುವಾಗಿ ವ್ಯಯವಾಗುವುದು. ಪದವು ಯಾವ ಮನೆಯದೆಂಬುದಕ್ಕಿಂತ, ಅದು ಯಾವ ಚಿತ್ರವನ್ನು ಮನಸ್ಸಿನಲ್ಲಿ ನಿಲ್ಲಿಸುವುದು, ಆ ಚಿತ್ರಕ್ಕೂ ವಸ್ತುವಿನ ಅವಯವಗಳಿಗೂ ಎಷ್ಟರಮಟ್ಟಿಗೆ ಹೊಂದಿಕೆಯಿದೆ ಎಂಬುದನ್ನು ವಿದ್ವಾಂಸರು ಮುಖ್ಯವಾಗಿ ವಿಚಾರಿಸಬೇಕೆಂದು ಬಿನ್ನವಿಸಿ ಈ ಲೇಖನವನ್ನು ಮುಗಿಸುವೆನು.